ಬುಗುರಿ ತಿರುಗಿಸಿ ಬಿಳಿ ಹುಡುಕಿದವನು

ಡಿಗ್ರಿ ಮುಗಿಸಿ ಒಂದರ ಹಿಂದೊಂದು ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಾ ಕೂತಿರುವ ನನ್ನಂಥವರಿಗೆ ಮದುವೆ ಸೀಸನ್ ಅಂದರೆ ಕೈಖರ್ಚಿಗೆ ದಾರಿ. ನಮ್ಮೂರಿನ ಸ್ಟುಡಿಯೊ ಒಂದರ ಜೊತೆ ಎರಡನೇ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಕಳೆದ ವರ್ಷ ಒಂದು ಮನೆಯ ಅಂಗಳದಲ್ಲೇ ಚಪ್ಪರ ಹಾಕಿ ಮದುವೆ. ಹಗಲು ಮುಹೂರ್ತ. ಸುತ್ತ ಹಳದಿ ಬಟ್ಟೆ, ಕಂಬಕ್ಕೆಲ್ಲ ಚೆಂಡುಹೂವಿನ ಮಾಲೆ. ಇಷ್ಟು ಹಳದಿ ಕಂಡ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಗಾಬರಿಬಿದ್ದು ಎಲ್ಲರ ಮುಖಕ್ಕೂ ನೀಲಿ ಬಳಿಯುತ್ತಿತ್ತು. ನಾನು ಜಾಣತನ ಮಾಡಿದೆ. ಮದುಮಗನ ಹೊಚ್ಚ ಹೊಸ ಬಿಳಿ ಪಂಚೆಯನ್ನು ಕ್ಯಾಮೆರಾಕ್ಕೆ ತೋರಿಸಿ, ಇದೇ ಬಿಳಿ ಎಂದು ಕಸ್ಟಮ್ ಸೆಟ್ ಮಾಡಿಕೊಂಡು ಮುಹೂರ್ತ ಪೂರ್ತಿ ತೆಗೆದೆ.

ಆಲ್ಬಮ್ ಬಂದಾಗ ಹುಡುಗಿಯ ಅಮ್ಮ ಧಾರೆ ಸೀರೆಯನ್ನೇ ಕೈಯಲ್ಲಿ ಹಿಡಿದು ಬಂದರು. ಕೆಂಪಂಚಿನ ಬಿಳಿ ರೇಷ್ಮೆ ಸೀರೆ ಫೋಟೊದಲ್ಲಿ ಅರಿಸಿನದ ನೀರಲ್ಲಿ ಅದ್ದಿದಂತಿತ್ತು. ಮತ್ತೆ ತೆಗೆಯೋಣ ಅನ್ನಲು ಮುಹೂರ್ತ ಮತ್ತೆ ಬರುವುದಿಲ್ಲವಲ್ಲ. ನನ್ನ ಅಂದಿನ ಕೂಲಿ ಹೋಯಿತು, ಅದು ದೊಡ್ಡದಲ್ಲ. ಆ ಅಮ್ಮ ಸೀರೆಯನ್ನು ಫೋಟೊದ ಪಕ್ಕ ಇಟ್ಟು ಸುಮ್ಮನೆ ನೋಡುತ್ತಿದ್ದದ್ದು ಮಾತ್ರ ಮನಸ್ಸಿನಿಂದ ಹೋಗಿಲ್ಲ.

ಸ್ಟುಡಿಯೊದ ಹಿರಿಯರು ಬೈಯಲಿಲ್ಲ. ಅಂಗೈಯಗಲದ ಒಂದು ಬೂದು ಕಾರ್ಡ್ ಕೊಟ್ಟು, ಇನ್ನು ಮೇಲೆ ಪಂಚೆ, ಗೋಡೆ, ಪೇಪರ್ ಯಾವುದನ್ನೂ ನಂಬಬೇಡ, ಇದನ್ನು ನಂಬು ಎಂದರು. ಬಿಳಿ ಸರಿಹೋಗಲು ಬೂದು ಯಾಕೆ? ಈ ಪ್ರಶ್ನೆ ಹಿಡಿದು ಓದುತ್ತಾ ಹೋದವನಿಗೆ ಸಿಕ್ಕಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಪಿಯುಸಿಯಲ್ಲಿ ವಿದ್ಯುತ್ಕಾಂತೀಯ ಅಲೆಗಳ ಪಾಠದಲ್ಲಿ ನಮ್ಮನ್ನು ಹೆದರಿಸಿದ ಅದೇ ಮ್ಯಾಕ್ಸ್‌ವೆಲ್. ಆತ ಬಣ್ಣದ ಬುಗುರಿ ಇಟ್ಟುಕೊಂಡು ವರ್ಷಗಟ್ಟಲೆ ಬೂದು ಬಣ್ಣವನ್ನೇ ಹುಡುಕಿದ್ದ ಎಂದು ಯಾವ ಮೇಷ್ಟ್ರೂ ನಮಗೆ ಹೇಳಿರಲಿಲ್ಲ.

ಮ್ಯಾಕ್ಸ್‌ವೆಲ್ ಹುಟ್ಟಿದ್ದು 1831ರ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಮನೆ ಇದ್ದ ರಸ್ತೆಯ ಹೆಸರು ಇಂಡಿಯಾ ಸ್ಟ್ರೀಟ್, ಮನೆ ನಂಬರ್ 14. ಬೆಳೆದದ್ದು ಗ್ಲೆನ್‌ಲೇರ್ ಎಂಬ ಹಳ್ಳಿಗಾಡಿನ ಜಮೀನಿನಲ್ಲಿ. ಯಾವ ವಸ್ತು ಕಂಡರೂ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವುದು ಆ ಮಗುವಿನ ಅಭ್ಯಾಸ. ಸುಮ್ಮನೆ ಏನಾದರೊಂದು ಉತ್ತರ ಕೊಟ್ಟರೆ ಬಿಡುತ್ತಿರಲಿಲ್ಲ. ಅದರ ನಿಜವಾದ ಕೀಲು ಎಲ್ಲಿದೆ ಎಂದು ಮತ್ತೆ ಕೇಳುತ್ತಿದ್ದ. ಎಂಟನೇ ವಯಸ್ಸಿಗೆ ತಾಯಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡಳು. ಮನೆಗೆ ಪಾಠ ಹೇಳಲು ಬಂದವನು ಹೊಡೆದು ಬಡಿದು ಕಲಿಸುವವನು. ಕೊನೆಗೆ 1841ರಲ್ಲಿ ಹುಡುಗನನ್ನು ಎಡಿನ್‌ಬರೊ ಅಕಾಡೆಮಿ ಶಾಲೆಗೆ ಸೇರಿಸಿದರು.

ಮೊದಲ ದಿನವೇ ಪಜೀತಿ. ಅಪ್ಪ ತಾನೇ ಯೋಚಿಸಿ ಹೊಲಿಸಿದ ಅಂಗಿ, ಚೌಕ ಮೂತಿಯ ಬೂಟು, ಹಳ್ಳಿ ಉಚ್ಚಾರಣೆಯ ಮಾತು. ಪೇಟೆಯ ಹುಡುಗರು ಎಳೆದಾಡಿದರು. ಅಂಗಿ ಹರಿದುಕೊಂಡೇ ಮನೆಗೆ ಬಂದ. ಪೆದ್ದ ಎನ್ನುವ ಅರ್ಥದ ಅಡ್ಡಹೆಸರು ವರ್ಷಗಳ ಕಾಲ ಅಂಟಿಕೊಂಡಿತು. ಹಳ್ಳಿ ಶಾಲೆಯಿಂದ ನೇರ ಜಿಲ್ಲಾ ಕೇಂದ್ರದ ಕಾಲೇಜಿಗೆ ಬಂದು ಮೊದಲ ಬೆಂಚಿನಲ್ಲಿ ಕೂತವರಿಗೆ ಈ ಭಾಗವನ್ನು ನಾನು ವಿವರಿಸಬೇಕಿಲ್ಲ. ಆ ಪೆದ್ದ ಹದಿನಾಲ್ಕನೇ ವಯಸ್ಸಿಗೆ ಅಂಡಾಕಾರದ ವಕ್ರರೇಖೆಗಳನ್ನು ಎಳೆಯುವ ಬಗ್ಗೆ ಬರೆದ ಪ್ರಬಂಧ 1846ರಲ್ಲಿ ಎಡಿನ್‌ಬರೊದ ರಾಯಲ್ ಸೊಸೈಟಿಯಲ್ಲಿ ಮಂಡನೆಯಾಯಿತು. ಲೇಖಕ ತೀರಾ ಚಿಕ್ಕವನೆಂದು ಅದನ್ನು ಓದಿದ್ದು ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್.

ಬಣ್ಣದ ಹುಚ್ಚು ಹತ್ತಿಸಿದ್ದೂ ಈ ಫೋರ್ಬ್ಸ್. ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1849ರ ಸುಮಾರಿಗೆ, ಗುರುವಿನ ಪ್ರಯೋಗಾಲಯದಲ್ಲಿ ಬಣ್ಣದ ಹೋಳುಗಳಿದ್ದ ಬಿಲ್ಲೆಯೊಂದನ್ನು ತಿರುಗಿಸಿ ನೋಡುವ ಪ್ರಯೋಗ ನಡೆಯುತ್ತಿತ್ತು. ವೇಗವಾಗಿ ತಿರುಗಿದಾಗ ಬಣ್ಣಗಳನ್ನು ಕಣ್ಣು ಬಿಡಿಬಿಡಿಯಾಗಿ ಹಿಡಿಯಲಾರದು, ಎಲ್ಲ ಕಲಸಿ ಒಂದಾಗುತ್ತದೆ. ಚಿತ್ರಕಾರರ ಮಾತಿನ ಪ್ರಕಾರ ಹಳದಿ ಮತ್ತು ನೀಲಿ ಸೇರಿದರೆ ಹಸಿರಾಗಬೇಕು. ಬುಗುರಿಯ ಮೇಲೆ ಎಷ್ಟು ತಿರುಗಿಸಿದರೂ ಹಸಿರು ಬರಲಿಲ್ಲ, ಮಾಸಲು ಗುಲಾಬಿಯಂಥದ್ದೇನೋ ಬಂತು. ಬಣ್ಣದ ಪುಡಿ ಕಲಸುವುದು ಬೇರೆ, ಬೆಳಕು ಕಲಸುವುದು ಬೇರೆ ಎಂಬುದು ಹೀಗೆ ತಿಳಿಯಿತು. ಪುಡಿಗಳು ಬೆಳಕನ್ನು ನುಂಗುತ್ತವೆ. ಎರಡೂ ನುಂಗಿ ಮಿಕ್ಕದ್ದಷ್ಟೇ ನಮಗೆ ಹಸಿರಾಗಿ ಕಾಣುತ್ತದೆ. ಬುಗುರಿಯಲ್ಲಿ ಬೆಳಕು ಬೆಳಕಿಗೆ ಸೇರುತ್ತದೆ. ಇವತ್ತು ನಮ್ಮ ಮೊಬೈಲ್ ಪರದೆ ಕೆಂಪು, ಹಸಿರು, ನೀಲಿ ಚುಕ್ಕೆಗಳಿಂದ ಎಲ್ಲ ಬಣ್ಣ ತೋರಿಸುವುದು ಈ ಎರಡನೇ ರೀತಿಯಲ್ಲಿ.

ನಂತರ ಕೇಂಬ್ರಿಡ್ಜ್. 1854ರ ಗಣಿತ ಪರೀಕ್ಷೆಯಲ್ಲಿ ಎರಡನೇ ರ‍್ಯಾಂಕ್. ಮೊದಲನೆಯವನ ಹೆಸರು ರೌತ್. ಅಲ್ಲಿ ಕೂತು ಮ್ಯಾಕ್ಸ್‌ವೆಲ್ ತನ್ನದೇ ಬುಗುರಿ ಮಾಡಿಸಿದ.

ಈ ಬುಗುರಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಚಪ್ಪಟೆ ತಟ್ಟೆ, ನಡುವೆ ಅಚ್ಚು. ತಟ್ಟೆಯ ಅಂಚಿನಲ್ಲಿ ಸುತ್ತಲೂ 100 ಗೆರೆ. ಅದರ ಮೇಲೆ ಮೂರು ದೊಡ್ಡ ಕಾಗದದ ಬಿಲ್ಲೆಗಳು: ಇಂಗಲೀಕದ ಕೆಂಪು, ಕಡುನೀಲಿ, ಪಚ್ಚೆ ಹಸಿರು. ಪ್ರತಿ ಬಿಲ್ಲೆಯನ್ನೂ ಅಂಚಿನಿಂದ ನಡುವಿನವರೆಗೆ ಸೀಳಿರುತ್ತಾರೆ. ಒಂದರ ಸೀಳಿಗೆ ಇನ್ನೊಂದನ್ನು ತೂರಿಸಿ ಸರಿಸಿದರೆ ಯಾವ ಬಣ್ಣ ಎಷ್ಟು ಹೋಳು ಕಾಣಬೇಕೋ ಅಷ್ಟು ಮಾಡಿಕೊಳ್ಳಬಹುದು. ಇವುಗಳ ಮೇಲೆ, ನಡುವೆ, ಎರಡು ಸಣ್ಣ ಬಿಲ್ಲೆ. ಒಂದು ಬಿಳಿ, ಒಂದು ಕಪ್ಪು. ತಿರುಗಿಸಿದರೆ ಹೊರಗಿನ ಉಂಗುರದಲ್ಲಿ ಮೂರು ಬಣ್ಣಗಳ ಮಿಶ್ರಣ, ಒಳಗಿನ ವೃತ್ತದಲ್ಲಿ ಬಿಳಿ ಕಪ್ಪು ಸೇರಿದ ಬೂದು.

ಹೊರಗಿನದು ಕೆಂಪಗಿದೆ ಅನ್ನಿಸಿದರೆ ನಿಲ್ಲಿಸಿ ಕೆಂಪು ಹೋಳನ್ನು ಚೂರು ಕಡಿಮೆ ಮಾಡು, ಮತ್ತೆ ತಿರುಗಿಸು. ಈಗ ಹಸಿರು ಹೆಚ್ಚಾಯಿತೇ, ಅದನ್ನು ಸರಿಸು. ಒಳಗಿನದಕ್ಕಿಂತ ಹೊರಗಿನದು ಮಂಕೇ, ಒಳಗೆ ಕಪ್ಪು ಹೆಚ್ಚಿಸು. ಹೀಗೆ ಮಾಡುತ್ತಾ ಹೋದರೆ ಒಂದು ಗಳಿಗೆಯಲ್ಲಿ ಒಳಗೂ ಹೊರಗೂ ನಡುವಿನ ಗೆರೆಯೇ ಮಾಯವಾಗುತ್ತದೆ. ಇಡೀ ತಟ್ಟೆ ಒಂದೇ ಬೂದು. ಆಗ ಅಂಚಿನ ಗೆರೆ ಎಣಿಸಿ ಬರೆದುಕೊಳ್ಳುವುದು. 1855ರ ಪ್ರಬಂಧದಲ್ಲಿ ಆತ ಕೊಟ್ಟ ಒಂದು ಲೆಕ್ಕ ಹೀಗಿದೆ: ಕೆಂಪು 37, ನೀಲಿ 27, ಹಸಿರು 36 ಸೇರಿದರೆ, ಬಿಳಿ 28 ಮತ್ತು ಕಪ್ಪು 72 ಸೇರಿದ ಬೂದಿಗೆ ಸಮ. ಬಣ್ಣಕ್ಕೆ ಸಮೀಕರಣ! ಕವಿಗಳ ಪಾಲಿಗಿದ್ದ ವಸ್ತುವನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ತಂದು ಕೂರಿಸಿದ ಹಾಗೆ.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇತ್ತು. ಕಣ್ಣು ಸುಳ್ಳು ಹೇಳುವುದು ಬಿಡಿಯಾಗಿ ನೋಡುವಾಗ. ಬಲ್ಬಿನ ಕೆಳಗಿಟ್ಟ ಬಿಳಿ ತಟ್ಟೆಯಿಂದ ಬರುವ ಬೆಳಕು ಕಿತ್ತಳೆಗೆ ತಿರುಗಿದ್ದರೂ ಮೆದುಳು ಹೊಂದಿಕೊಂಡು ಅದನ್ನು ಬಿಳಿ ಎಂದೇ ತೋರಿಸುತ್ತದೆ. ಆದರೆ ಎರಡನ್ನು ಅಕ್ಕಪಕ್ಕ ಇಟ್ಟು, ಒಂದೇ ಬೆಳಕಿನಲ್ಲಿ, ವ್ಯತ್ಯಾಸ ಇದೆಯೋ ಇಲ್ಲವೋ ಎಂದು ಕೇಳಿದರೆ ಕಣ್ಣಿನಷ್ಟು ಸೂಕ್ಷ್ಮ ತಕ್ಕಡಿ ಇನ್ನೊಂದಿಲ್ಲ. ಅಕ್ಕಪಕ್ಕ ಇಡಲು ಯಾವ ಬಣ್ಣದ ಕಡೆಗೂ ವಾಲದ ಒಂದು ವಸ್ತು ಬೇಕು. ಅದೇ ಬೂದು. ಕೆಂಪು, ಹಸಿರು, ನೀಲಿ ಮೂರನ್ನೂ ಸಮನಾಗಿ ಮರಳಿಸುವ ಬೂದು ಕಾರ್ಡ್ ಫೋಟೊದಲ್ಲಿ ಸಮನಾಗಿ ಕಾಣದಿದ್ದರೆ ತಪ್ಪು ಕಾರ್ಡಿನದಲ್ಲ, ಬೆಳಕು ವಾಲಿದೆ ಎಂದರ್ಥ. ಕ್ಯಾಮೆರಾ ಆಗ ಕೆಂಪು ಮತ್ತು ನೀಲಿಯ ಅಂಕಿಗಳನ್ನು ಹಸಿರಿಗೆ ಸಮ ಬರುವವರೆಗೆ ಗುಣಿಸಿಕೊಳ್ಳುತ್ತದೆ. ಬಿಲ್ಲೆಯನ್ನು ಸರಿಸುವ ಕೆಲಸವೇ ಅದು. ಹಾಗಾದರೆ ಅಚ್ಚ ಬಿಳಿ ಕಾರ್ಡ್ ಯಾಕೆ ಬೇಡ? ಆಗುತ್ತದೆ, ಆದರೆ ಎಕ್ಸ್‌ಪೋಷರ್ ಸ್ವಲ್ಪ ಹೆಚ್ಚಾದರೂ ಬಿಳಿಯಲ್ಲಿ ಒಂದು ಬಣ್ಣ ತುಂಬಿ ಚೆಲ್ಲುತ್ತದೆ, ಚೆಲ್ಲಿದ್ದು ಎಷ್ಟೆಂದು ಆಮೇಲೆ ಯಾರಿಗೂ ತಿಳಿಯದು. ಬೂದಿನಲ್ಲಿ ಆ ಭಯ ಇಲ್ಲ.

ಮ್ಯಾಕ್ಸ್‌ವೆಲ್ ಇನ್ನೊಂದು ವಿಷಯವನ್ನೂ ಗುರುತು ಮಾಡಿಕೊಂಡ. ಹಗಲಿನಲ್ಲಿ ಸಮವಾದ ಲೆಕ್ಕ ರಾತ್ರಿ ಗ್ಯಾಸ್ ದೀಪದ ಕೆಳಗೆ ಸಮವಾಗುತ್ತಿರಲಿಲ್ಲ. ಅದೇ ಕಾಗದ, ಅದೇ ಕಣ್ಣು, ಅಂಕಿ ಬೇರೆ. ಹಾಗಾಗಿ ಯಾವ ಬೆಳಕಿನಲ್ಲಿ ನೋಡಿದ್ದು ಎಂದು ಹೇಳದೆ ಕೊಟ್ಟ ಅಂಕಿಗೆ ಬೆಲೆ ಇಲ್ಲ. ಮಧ್ಯಾಹ್ನ ಚಪ್ಪರದಲ್ಲಿ ಸೆಟ್ ಮಾಡಿದ ವೈಟ್ ಬ್ಯಾಲೆನ್ಸ್‌ನಲ್ಲೇ ಸಂಜೆ ಆರತಕ್ಷತೆಯನ್ನೂ ತೆಗೆದವರಿಗೆ ಇದು ಗೊತ್ತಿರುತ್ತದೆ. ನಾನು ತೆಗೆದಿದ್ದೇನೆ.

1856ರಲ್ಲಿ ಅಪ್ಪ ತೀರಿಕೊಂಡ. ಅದೇ ವರ್ಷ ಮ್ಯಾಕ್ಸ್‌ವೆಲ್‌ಗೆ ಅಬರ್ಡೀನ್‌ನ ಮಾರಿಶಲ್ ಕಾಲೇಜಿನಲ್ಲಿ ಪ್ರೊಫೆಸರ್ ಕೆಲಸ ಸಿಕ್ಕಿತು. ವಯಸ್ಸು ಇಪ್ಪತ್ತೈದು. ಶನಿಗ್ರಹದ ಉಂಗುರ ಗಟ್ಟಿ ಬಳೆಯಲ್ಲ, ಅಸಂಖ್ಯ ಚೂರುಗಳ ಗುಂಪು ಎಂದು ಗಣಿತದಿಂದ ತೋರಿಸಿ ಕೇಂಬ್ರಿಡ್ಜ್‌ನ ಆಡಮ್ಸ್ ಬಹುಮಾನ ಗೆದ್ದ. 1858ರಲ್ಲಿ ಕಾಲೇಜಿನ ಪ್ರಿನ್ಸಿಪಾಲರ ಮಗಳು ಕ್ಯಾಥರೀನ್ ಮೇರಿ ಡ್ಯೂವರ್ ಜೊತೆ ಮದುವೆ. ಇನ್ನೇನು ಬೇಕು, ಬದುಕು ಸೆಟ್ಲ್ ಆಯಿತು ಎನ್ನುವ ಹೊತ್ತಿಗೆ 1860 ಬಂತು.

ಊರಿನ ಎರಡು ಕಾಲೇಜುಗಳನ್ನು ಸೇರಿಸಿ ಒಂದೇ ವಿಶ್ವವಿದ್ಯಾಲಯ ಮಾಡಿದರು. ಒಂದು ವಿಷಯಕ್ಕೆ ಇಬ್ಬರು ಪ್ರೊಫೆಸರ್ ಬೇಡ. ಇಬ್ಬರಲ್ಲಿ ಕಿರಿಯನಾದ ಮ್ಯಾಕ್ಸ್‌ವೆಲ್ ಮನೆಗೆ. ಪ್ರಿನ್ಸಿಪಾಲರ ಅಳಿಯ ಎನ್ನುವ ವಶೀಲಿಯೂ ಉಪಯೋಗಕ್ಕೆ ಬರಲಿಲ್ಲ. ಅದೇ ಸಮಯಕ್ಕೆ ಎಡಿನ್‌ಬರೊದಲ್ಲಿ ಗುರು ಫೋರ್ಬ್ಸ್ ಬಿಟ್ಟ ಹುದ್ದೆ ಖಾಲಿ ಇತ್ತು. ಅರ್ಜಿ ಹಾಕಿದ. ಆ ಹುದ್ದೆ ಸಿಕ್ಕಿದ್ದು ಶಾಲೆಯಲ್ಲಿ ಜೊತೆಗೆ ಓದಿದ ಗೆಳೆಯ ಪೀಟರ್ ಟೇಟ್‌ಗೆ. ವಿದ್ವತ್ತಿನಲ್ಲಿ ಮ್ಯಾಕ್ಸ್‌ವೆಲ್ ಕಡಿಮೆಯೇನಲ್ಲ, ಆದರೆ ತಯಾರಿ ಸಾಲದ ಹುಡುಗರಿಗೆ ತಿಳಿಯುವ ಹಾಗೆ ಪಾಠ ಮಾಡುವುದರಲ್ಲಿ ಟೇಟ್ ಮೇಲು ಎಂದು ಅಲ್ಲಿನ ಪತ್ರಿಕೆಯೊಂದು ಬರೆಯಿತು. ನಿಜವೂ ಇರಬಹುದು. ಮ್ಯಾಕ್ಸ್‌ವೆಲ್ ತರಗತಿಯಲ್ಲಿ ಹೇಳುತ್ತಿದ್ದ ವಿಷಯ ಬಿಟ್ಟು ತನ್ನ ಯೋಚನೆಯ ಬೆನ್ನು ಹತ್ತಿ ಹೋಗಿಬಿಡುತ್ತಿದ್ದವನು. ಗೆಳೆತನ ಮಾತ್ರ ಕೆಡಲಿಲ್ಲ, ಕೊನೆಯವರೆಗೂ ಇಬ್ಬರೂ ತಮಾಷೆಯ ಕಾಗದ ಬರೆದುಕೊಳ್ಳುತ್ತಿದ್ದರು.

ಕೊನೆಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗುವ ಮೊದಲೇ ಊರಿನಲ್ಲಿ ಸಿಡುಬು ಬಡಿಯಿತು. ಹೆಂಡತಿಗೆಂದು ಕುದುರೆ ಕೊಳ್ಳಲು ಜಾತ್ರೆಗೆ ಹೋದಾಗ ತಗುಲಿದ್ದು ಎನ್ನುತ್ತಾರೆ. ಕ್ಯಾಥರೀನ್ ಹತ್ತಿರವೇ ಇದ್ದು ಶುಶ್ರೂಷೆ ಮಾಡಿದಳು, ಆತ ಬದುಕಿದ. ವಿಚಿತ್ರವೆಂದರೆ, ಇದ್ದ ಕೆಲಸ ಹೋಗಿ, ಕೇಳಿದ ಕೆಲಸ ಸಿಗದೆ, ಜೀವ ಹೋಗಿ ಬಂದ ಅದೇ 1860ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಬಣ್ಣಗಳ ಕೆಲಸಕ್ಕಾಗಿ ಆತನಿಗೆ ರಮ್‌ಫರ್ಡ್ ಪದಕ ಕೊಟ್ಟಿತು.

ಆ ಕೆಲಸದಲ್ಲಿ ಅರ್ಧ ಕಣ್ಣು ಕ್ಯಾಥರೀನ್‌ಳದು. ಬುಗುರಿಯ ಕಾಗದದ ಬಣ್ಣ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ ಎಂದು ಮ್ಯಾಕ್ಸ್‌ವೆಲ್ ಮರದ ಉದ್ದ ಪೆಟ್ಟಿಗೆ ಮಾಡಿದ್ದ. ಸೀಳುಗಳ ಮೂಲಕ ಬೆಳಕು ಒಳಗೆ ಬಂದು, ಪಟ್ಟಕಗಳಲ್ಲಿ ಒಡೆದು, ಕಾಮನಬಿಲ್ಲಿನ ಶುದ್ಧ ಬಣ್ಣಗಳನ್ನು ಬೇಕಾದಷ್ಟೇ ಬೆರೆಸುವ ವ್ಯವಸ್ಥೆ. ಹೋಲಿಸಿ ನೋಡಲು ಬಿಸಿಲಿನಲ್ಲಿಟ್ಟ ಬಿಳಿ ಕಾಗದದ ಬೆಳಕು. ಗಂಡ ಹೆಂಡತಿ ಸರದಿಯ ಮೇಲೆ ಕಣ್ಣಿಟ್ಟು ಲೆಕ್ಕ ಬರೆದರು. ಪ್ರಬಂಧದಲ್ಲಿ ಅವರು ಜೆ ಮತ್ತು ಕೆ. ಇಬ್ಬರ ಅಂಕಿಗಳೂ ಪೂರ್ತಿ ಹೊಂದಲಿಲ್ಲ. ಕಣ್ಣಿನ ಪರದೆಯ ನಡುವೆ ಇರುವ ಹಳದಿ ಮಚ್ಚೆ ಎಲ್ಲರಲ್ಲೂ ಒಂದೇ ಸಮ ಇಲ್ಲದಿರುವುದು ಇದಕ್ಕೆ ಕಾರಣ ಎಂದು ಆತ ಕಂಡುಕೊಂಡ. ಒಂದೇ ಸೂರಿನ ಕೆಳಗೆ ಇಬ್ಬರು ನೋಡುವ ಬಿಳಿಯೂ ಕೂದಲೆಳೆಯಷ್ಟು ಬೇರೆ. ಲಂಡನ್ನಿನ ಬಾಡಿಗೆ ಮನೆಯ ಅಟ್ಟದಲ್ಲಿ ಎಂಟಡಿ ಉದ್ದದ ಇಂಥ ಪೆಟ್ಟಿಗೆ ಇತ್ತು. ದಿನಗಟ್ಟಲೆ ಶವದ ಪೆಟ್ಟಿಗೆಯೊಳಗೆ ಇಣುಕುವ ಹುಚ್ಚ ಎಂದು ಎದುರು ಮನೆಯವರು ಅಂದುಕೊಂಡಿದ್ದರಂತೆ.

ಕಣ್ಣು ಮೂರೇ ಬಣ್ಣಗಳ ಅಳತೆಯಿಂದ ಎಲ್ಲವನ್ನೂ ಕಾಣುತ್ತದೆ ಎನ್ನುವುದು ಥಾಮಸ್ ಯಂಗ್ ಮೊದಲೇ ಮಾಡಿದ್ದ ಊಹೆ. ಅದು ನಿಜವಾದರೆ ಫೋಟೊಗೂ ಮೂರು ಸಾಕಲ್ಲವೇ? 1861ರ ಮೇ 17, ಶುಕ್ರವಾರ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮ್ಯಾಕ್ಸ್‌ವೆಲ್ ಇದನ್ನು ಜನರ ಮುಂದೆ ತೋರಿಸಿದ. ಫೋಟೊ ತೆಗೆದುಕೊಟ್ಟವನು ಥಾಮಸ್ ಸಟನ್. ಅದೇ ವರ್ಷ ಒಂದೇ ಲೆನ್ಸಿನ ರಿಫ್ಲೆಕ್ಸ್ ಕ್ಯಾಮೆರಾಕ್ಕೆ ಪೇಟೆಂಟ್ ಪಡೆದವನು. ನಮ್ಮ ಡಿಎಸ್‌ಎಲ್‌ಆರ್‌ಗೆ ಮುತ್ತಜ್ಜ ಅನ್ನಿ. ವಸ್ತು, ಸ್ಕಾಟ್ಲೆಂಡಿನ ಚೌಕಳಿ ಬಣ್ಣಬಣ್ಣದ ಪಟ್ಟಿಯಿಂದ ಕಟ್ಟಿದ ಒಂದು ರಿಬ್ಬನ್ ಗಂಟು.

ಲೆನ್ಸಿನ ಮುಂದೆ ಗಾಜಿನ ತೊಟ್ಟಿಯಲ್ಲಿ ಬಣ್ಣದ ದ್ರಾವಣ ಇಟ್ಟು ಒಂದೊಂದೇ ಪ್ಲೇಟ್ ತೆಗೆದರು. ನೀಲಿಯ ಮೂಲಕ 6 ಸೆಕೆಂಡ್ ಸಾಕಾಯಿತು. ಹಸಿರಿನ ಮೂಲಕ ಏನೂ ಮೂಡಲಿಲ್ಲ. ದ್ರಾವಣವನ್ನು ತೆಳುವಾಗಿಸಿ 12 ನಿಮಿಷ ಬೆಳಕು ಬಿಟ್ಟರು. ಕೆಂಪಿಗೆ 8 ನಿಮಿಷ. ಒಂದೊಂದು ಬಣ್ಣಕ್ಕೆ ಒಂದೊಂದು ಲೆಕ್ಕದಲ್ಲಿ ಬೆಳಕು ಕೊಟ್ಟು ಮೂರನ್ನೂ ಒಂದು ಮಟ್ಟಕ್ಕೆ ತರುವುದು. ನಾವು ಇವತ್ತು ಬೂದು ಕಾರ್ಡಿನ ಮೇಲೆ ಒಂದು ಕ್ಲಿಕ್ ಮಾಡಿ ಮುಗಿಸುವ ಕೆಲಸದ ಮೂಲರೂಪ ನನಗೆ ಇದರಲ್ಲೇ ಕಾಣುತ್ತದೆ. ಆಮೇಲೆ ಮೂರು ಲಾಂದ್ರಗಳಿಂದ, ಅದೇ ದ್ರಾವಣಗಳ ಮೂಲಕ, ಮೂರು ಚಿತ್ರಗಳನ್ನೂ ಪರದೆಯ ಒಂದೇ ಜಾಗಕ್ಕೆ ಬೀಳಿಸಿದರು. ರಿಬ್ಬನ್ ಬಣ್ಣದಲ್ಲಿ ಎದ್ದು ನಿಂತಿತು.

ಕೆಂಪು ಮತ್ತು ಹಸಿರು ಇನ್ನೂ ಚೆನ್ನಾಗಿ ಬರಬೇಕಿತ್ತು ಎಂದು ಮ್ಯಾಕ್ಸ್‌ವೆಲ್ ತಾನೇ ಒಪ್ಪಿಕೊಂಡ. ನಿಜ ಹೇಳಬೇಕೆಂದರೆ ಕೆಂಪು ಬರಲೇ ಬಾರದಿತ್ತು. ಆ ಕಾಲದ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಹಾಗಾದರೆ ಕೆಂಪು ಪ್ಲೇಟಿನಲ್ಲಿ ಮೂಡಿದ್ದೇನು? ಇದಕ್ಕೆ ಉತ್ತರ ಸಿಕ್ಕಿದ್ದು ನೂರು ವರ್ಷದ ನಂತರ, 1961ರಲ್ಲಿ, ಕೊಡಾಕ್ ಕಂಪನಿಯ ರಾಲ್ಫ್ ಇವಾನ್ಸ್ ಮತ್ತು ಜೊತೆಗಾರರಿಂದ. ಕೆಂಪು ದ್ರಾವಣ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಸ್ವಲ್ಪ ಒಳಗೆ ಬಿಡುತ್ತಿತ್ತು. ಕೆಂಪು ಬಣ್ಣ ಹಾಕಿದ ಎಷ್ಟೋ ಬಟ್ಟೆಗಳು ಆ ಕಿರಣಗಳನ್ನೂ ಮರಳಿಸುತ್ತವೆ. ಅಂದರೆ ಕೆಂಪಿನ ಜಾಗದಲ್ಲಿ ಕೂತಿದ್ದದ್ದು ಕೆಂಪಲ್ಲ. ಸಿದ್ಧಾಂತ ಸರಿ, ಅದನ್ನು ಸಾಧಿಸಿ ತೋರಿಸಿದ ಫೋಟೊ ಅರ್ಧ ಅದೃಷ್ಟ.

ಇದನ್ನು ಓದಿದ ರಾತ್ರಿ ನನ್ನ ಪಂಚೆಯ ಗುಟ್ಟು ಬಿಟ್ಟುಕೊಂಡಿತು. ಹೊಸ ಬಿಳಿ ಬಟ್ಟೆಗೆ, ಜೆರಾಕ್ಸ್ ಪೇಪರಿಗೆ, ಸೋಪಿನ ಪುಡಿಗೆ ಹೊಳಪಿಗಾಗಿ ಒಂದು ಬಗೆಯ ರಾಸಾಯನಿಕ ಸೇರಿಸುತ್ತಾರೆ. ಅದು ಬಿಸಿಲಿನಲ್ಲಿರುವ ನೇರಳಾತೀತ ಕಿರಣವನ್ನು ನುಂಗಿ ನೀಲಿ ಬೆಳಕನ್ನು ಉಗುಳುತ್ತದೆ. ಅದಕ್ಕೇ ಹೊಸ ಪಂಚೆ ಬಿಳಿಗಿಂತ ಬಿಳಿ. ನಮ್ಮಜ್ಜಿ ಬಟ್ಟೆಗೆ ನೀಲಿ ಹಾಕುತ್ತಿದ್ದದ್ದೂ ಹಳದಿ ಮರೆಸಲೆಂದೇ, ದಾರಿ ಬೇರೆ ಅಷ್ಟೆ. ನಾನು ಆ ನೀಲಿ ಪಂಚೆಯನ್ನು ಬಿಳಿ ಎಂದು ಕ್ಯಾಮೆರಾಕ್ಕೆ ಹೇಳಿದೆ. ಅದು ವಿಧೇಯವಾಗಿ ಎಲ್ಲದರಿಂದ ನೀಲಿಯನ್ನು ಕಳೆಯಿತು. ನೀಲಿ ಕಳೆದರೆ ಉಳಿಯುವುದು ಹಳದಿ. ಪಾಪ, ರೇಷ್ಮೆ ಸೀರೆಗೆ ಆ ಹೊಳಪು ಹಾಕಿರಲಿಲ್ಲ. ಮ್ಯಾಕ್ಸ್‌ವೆಲ್‌ನ ರಿಬ್ಬನ್ನಿಗೆ ನೆರವಾದ ಕಾಣದ ಬೆಳಕೇ ನನ್ನ ಸೀರೆಯನ್ನು ಕೆಡಿಸಿತ್ತು.

ಆತನ ಮುಂದಿನ ಕಥೆ ಪಠ್ಯಪುಸ್ತಕಗಳಲ್ಲಿದೆ. 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿದ್ಯುತ್ತು, ಕಾಂತತ್ವ, ಬೆಳಕು ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ. ಅದೇ ವರ್ಷ ಕೆಲಸ ಬಿಟ್ಟು ಗ್ಲೆನ್‌ಲೇರ್‌ಗೆ ಮರಳಿದ. 1871ರಲ್ಲಿ ಮತ್ತೆ ಕರೆ ಬಂದು ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯವನ್ನು ಕಟ್ಟಿ ನಿಲ್ಲಿಸಿದ. ನಮ್ಮ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಅಂಕಿಯ ಪಕ್ಕ ಇರುವ ಕೆ ಅಕ್ಷರ ಆತನ ಹಿರಿಯ ಗೆಳೆಯ ವಿಲಿಯಂ ಥಾಮ್ಸನ್‌ನದು, ಅಂದರೆ ಲಾರ್ಡ್ ಕೆಲ್ವಿನ್‌ನದು. ಮ್ಯಾಕ್ಸ್‌ವೆಲ್ ಹೆಸರು ಮೆನುವಿನಲ್ಲಿ ಎಲ್ಲೂ ಇಲ್ಲ.

1879ರ ನವೆಂಬರ್ 5ರಂದು ಆತ ತೀರಿಕೊಂಡ. ವಯಸ್ಸು 48. ತಾಯಿಯನ್ನು ಒಯ್ದ ಅದೇ ಹೊಟ್ಟೆಯ ಕ್ಯಾನ್ಸರ್. ಗ್ಲೆನ್‌ಲೇರ್ ಹತ್ತಿರದ ಪಾರ್ಟನ್ ಎಂಬ ಪುಟ್ಟ ಊರಿನ ಚರ್ಚಿನ ಅಂಗಳದಲ್ಲಿ ಸಮಾಧಿ ಇದೆ.

ರಿಬ್ಬನ್ನಿನ ಮೂರು ಗಾಜಿನ ಪ್ಲೇಟುಗಳು ಈಗ ಆತ ಹುಟ್ಟಿದ ಇಂಡಿಯಾ ಸ್ಟ್ರೀಟಿನ ಮನೆಯಲ್ಲೇ, ಸಣ್ಣ ಮ್ಯೂಸಿಯಂ ಒಂದರಲ್ಲಿ ಇವೆ. ಅವುಗಳಲ್ಲಿ ಬಣ್ಣವೇ ಇಲ್ಲ. ಮೂರೂ ಕಪ್ಪು ಬಿಳುಪು, ನಡುವೆಲ್ಲ ಬೂದು. ನನ್ನ ಬೂದು ಕಾರ್ಡಿಗೆ ಒಂದು ಮೂಲೆಯಲ್ಲಿ ಕುಂಕುಮದ ಬೆರಳಚ್ಚು ಬಿದ್ದಿದೆ. ಬರುವ ಭಾನುವಾರ ಮತ್ತೊಂದು ಮದುವೆಗೆ ಬುಲಾವ್ ಇದೆ, ಅಷ್ಟರೊಳಗೆ ಹೊಸದು ತರಬೇಕು.